ಕಡೂರು ಜಿಲ್ಲೆ: ಎಂಬತ್ತನಾಲ್ಕು ವರ್ಷಗಳ ಚರಿತ್ರೆ

1901ನೆಯ ಇಸವಿಯ ಖಾನೇಷುಮಾರಿಯ ಅಂಕಿಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಅಂದಿನ ಮೈಸೂರು ಸಂಸ್ಥಾನದ ಎಂಟು ಜಿಲ್ಲೆಗಳಲ್ಲಿ ಒಂದಾಗಿದ್ದ ಕಡೂರು ಜಿಲ್ಲೆಯು ತನ್ನ ಹೆಸರನ್ನು ಒಂದು ಊರಿನಿಂದಲೂ, ಅಧಿಕಾರಪೀಠವನ್ನು ಮತ್ತೊಂದು ಊರಿನಿಂದಲೂ, ಜನಬಾಹುಳ್ಯದ ಹಿರಿಮೆಯನ್ನು ಮೂರನೆಯದೊಂದು ಊರಿನಿಂದಲೂ ಪಡೆದುಕೊಂಡಿದ್ದ ವಿಲಕ್ಷಣ ರಚನೆಯಾಗಿತ್ತೆಂಬುದು ಗೋಚರವಾಗುತ್ತದೆ. ಹೆಸರು ಕಡೂರಿನದು, ಜಿಲ್ಲೆಯ ಕಚೇರಿಗಳಿದ್ದುದು 9,515 ಜನರ ಚಿಕ್ಕಮಗಳೂರಿನಲ್ಲಿ, ಎಲ್ಲಕ್ಕಿಂತ ದೊಡ್ಡ ಊರು 10,164 ಜನರ ತರೀಕೆರೆ. ಒಟ್ಟು ವಿಸ್ತೀರ್ಣ 2,813 ಚದರ ಮೈಲಿ, ಜನಸಂಖ್ಯೆ 3,62,752. ಇಂಥ ಮೂರು ತಲೆಯ ಜಿಲ್ಲೆಯೊಂದು 1863ರಲ್ಲಿ ಹುಟ್ಟಿ, ಎಂಬತ್ತನಾಲ್ಕು ವರ್ಷ ಬಾಳಿ, 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂಬ ಹೊಸ ಹೆಸರನ್ನು ಹೊತ್ತುಕೊಂಡಿತು. ಅದರ ಸೀಮೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಅಳಿದುದು ಹೆಸರು ಮಾತ್ರ. ಆದರೆ ಒಂದು ಹೆಸರು ಏಕೆ ಬಂದಿತು, ಎರಡು ವರ್ಷಗಳೊಳಗಾಗಿ ತನ್ನ ಆಧಾರವನ್ನೇ ಕಳೆದುಕೊಂಡ ಮೇಲೆಯೂ ಎಂಬತ್ತು ವರ್ಷಗಳಿಗಿಂತ ಹೆಚ್ಚು ಕಾಲ ಏಕೆ ನಿಂತಿತು ಎಂಬುದನ್ನು ವಿಚಾರಿಸುತ್ತ ಹೋದರೆ, ಬಯಲುಸೀಮೆಯ ಮೂರು ಊರುಗಳಾದ ಕಡೂರು, ತರೀಕೆರೆ, ಅಜ್ಜಂಪುರಗಳ ಕಥೆಯೂ, ಮಲೆನಾಡಿನ ಸಿರಿಯು ಅವುಗಳನ್ನು ಹಿಂದೆ ಹಾಕಿದ ಕಥೆಯೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ.

ಮೊದಲು ನೆಲವನ್ನು ನೋಡಬೇಕು. ಜಿಲ್ಲೆಯ ನಡುವೆ ಕುದುರೆಯ ಲಾಳದ ಆಕಾರದಲ್ಲಿ ಬಾಬಾಬುಡನ್ ಗಿರಿಶ್ರೇಣಿ ಬಾಗಿ ನಿಂತಿದೆ. ಮೈಸೂರು ದೇಶದಲ್ಲೆಲ್ಲ ಅತ್ಯುನ್ನತವೆಂದು ಅಂದಿನ ಮಾಪಕರು ನಿರ್ಣಯಿಸಿದ 6,317 ಅಡಿಗಳ ಮುಳ್ಳಯ್ಯನಗಿರಿ ಈ ಶ್ರೇಣಿಯಲ್ಲಿಯೇ ಇರುವುದು. ಅದರ ಪಶ್ಚಿಮಕ್ಕೆ ತುಂಗಾಭದ್ರೆಯರ ಕಣಿವೆಗಳು, ಘಟ್ಟದ ಕಾಡುಗಳು, ಅಡಕೆಯ ತೋಟಗಳು, ಮಳೆಗಾಲದಲ್ಲಿ ಸೂರ್ಯದರ್ಶನವೇ ದುರ್ಲಭವಾಗುವ ಶೃಂಗೇರಿ, ಕೊಪ್ಪಗಳ ಸೀಮೆ. ಪೂರ್ವಕ್ಕೆ ಬಂದರೆ ಆಕಾಶವೇ ಬೇರೆ. ಶೃಂಗೇರಿಯ ಕಡೆ ನೂರೈವತ್ತು ಅಂಗುಲದ ಮಳೆ ಸಹಜವೆನಿಸಿದರೆ, ಕಡೂರಿನ ರೈತನು ಇಪ್ಪತ್ತೈದು ಅಂಗುಲ ಬಿದ್ದ ವರ್ಷವನ್ನು ಒಳ್ಳೆಯ ವರ್ಷವೆಂದು ಎಣಿಸುತ್ತಾನೆ. ರಾಗಿ, ಜೋಳ, ಅಜ್ಜಂಪುರದ ಸುತ್ತಿನ ಎರೆಭೂಮಿಯಲ್ಲಿ ಹತ್ತಿ, ಕೆರೆಯಿದ್ದ ಕಡೆ ತೆಂಗು, ಕೆರೆಯಿಲ್ಲದ ಕಡೆ ದನಗಳ ಕಾವಲು: ಇದು ಈ ಭಾಗದ ಬಾಳು. ಒಂದೇ ಡೆಪ್ಯುಟಿ ಕಮಿಷನರನ ಕೈಕೆಳಗೆ, ಒಂದೇ ಜಮಾಬಂದಿಯ ಲೆಕ್ಕದೊಳಗೆ, ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುವ ರೈತನನ್ನೂ ಮುಗಿಲನ್ನು ನೋಡುತ್ತ ಕೂರಿಗೆ ಹೂಡುವ ರೈತನನ್ನೂ ಸೇರಿಸಿದ ಜಿಲ್ಲೆಗಳು ಮೈಸೂರಿನಲ್ಲಿ ಹೆಚ್ಚಾಗಿರಲಿಲ್ಲ.

ಈ ಸೀಮೆಯ ಪ್ರಾಚೀನತೆಯ ವಿಷಯವಾಗಿ ವಿಸ್ತರಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ಎರಡು ಸಂಗತಿಗಳನ್ನಷ್ಟೇ ಹೇಳಿ ಮುಂದುವರಿಯುತ್ತೇನೆ. ಕಡೂರಿನಲ್ಲಿ ದೊರೆತಿರುವ 971ನೆಯ ಇಸವಿಯ ಶಾಸನವೊಂದು, ಗಂಗರ ದೊರೆ ಬೂತುಗನ ಅಕ್ಕನಾದ ಪಾಂಬಬ್ಬೆಯೆಂಬ ರಾಜವಂಶದ ಹೆಣ್ಣುಮಗಳು ತಲೆಯನ್ನು ಲೋಚುಮಾಡಿಸಿಕೊಂಡು, ಮೂವತ್ತು ವರ್ಷಗಳ ಕಾಲ ತಪವನ್ನಾಚರಿಸಿ ದೇಹತ್ಯಾಗ ಮಾಡಿದ ವಾರ್ತೆಯನ್ನು ತಿಳಿಸುತ್ತದೆ. ಅರಮನೆಯ ಸುಖವನ್ನು ಬಿಟ್ಟು ಬಂದ ಆ ಮಹಿಳೆಗೆ ಈ ಒಣಬಯಲು ರುಚಿಸಿತೆಂಬುದು ಕಡೂರಿಗೆ ಸಣ್ಣ ಗೌರವವಲ್ಲ. ಇನ್ನೊಂದು, ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯ. ಅಲ್ಲಿಯ ದೀರ್ಘವಾದ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನನೇ ಎಂದ ಮೇಲೆ, ಹೊಯ್ಸಳರ ಕಾಲದಲ್ಲಿ ಈ ಪ್ರದೇಶವು ರಾಜ್ಯದ ಅಂಚಿನ ಕಾಡುಮೂಲೆಯಾಗಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿರುವ ಕಲ್ಲಿನ ದುಂಡು ಫಲಕಗಳಲ್ಲಿ ಒಂದರ ಹೂವಿನಂತೆ ಇನ್ನೊಂದರ ಹೂವಿಲ್ಲ. ನೋಡದವರು ಒಮ್ಮೆ ಹೋಗಿ ನೋಡಬೇಕು.

ಜಿಲ್ಲೆಯು ಹುಟ್ಟಿದುದು 1863ರಲ್ಲಾದರೂ, ಅದರ ಕಾರಣಬೀಜವು ಬಿದ್ದುದು ಅದಕ್ಕೆ ಮೂವತ್ತಮೂರು ವರ್ಷ ಹಿಂದೆ, ತರೀಕೆರೆಯ ಪಾಳೆಯಗಾರರ ಮನೆಯಲ್ಲಿ ಎಂದು ನನ್ನ ಅಭಿಪ್ರಾಯ. ಈ ನಾಯಕರ ಮೂಲಸ್ಥಾನ ಬಸವಾಪಟ್ಟಣ. ಬಿಜಾಪುರದ ಸೇನೆಯ ಒತ್ತಡಕ್ಕೆ ಸಿಕ್ಕಿ ಬಸವಾಪಟ್ಟಣವನ್ನು ಕಳೆದುಕೊಂಡು, ಸಂತೆಬೆನ್ನೂರಿನಲ್ಲಿ ಸ್ವಲ್ಪ ಕಾಲ ನೆಲೆಸಿ, ಕೊನೆಗೆ ಗಿರಿಯ ಅಡಿಯಲ್ಲಿದ್ದ ತರೀಕೆರೆಯನ್ನು ರಾಜಧಾನಿಯಾಗಿ ಮಾಡಿಕೊಂಡ ಈ ವಂಶದವರು, ಹೈದರನ ಕಾಲಕ್ಕೆ ಮೈಸೂರಿನ ಅಧೀನರಾದರು. ಟಿಪ್ಪುವಿನ ಕಾಲ ಕಳೆದು, ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯಭಾರ ನಡೆಯುತ್ತಿದ್ದಾಗ ಅವರ ಪಾಲಿಗೆ ಉಳಿದಿದ್ದುದು ಹಳೆಯ ಪ್ರತಿಷ್ಠೆ ಮತ್ತು ಅದರ ನೆನಪು. ಆದರೆ ಅಂಥ ನೆನಪು ಹೊತ್ತಿಕೊಳ್ಳುವುದಕ್ಕೆ ಬೇಕಾದ ಒಣಹುಲ್ಲನ್ನು ಸರ್ಕಾರವೇ ಒಟ್ಟಿಟ್ಟಿತ್ತು.

ಶರತ್ತು ಪದ್ಧತಿಯೆಂದು ಹೆಸರಾಗಿದ್ದ ಕಂದಾಯದ ವ್ಯವಸ್ಥೆಯೇ ಆ ಒಣಹುಲ್ಲು. ಇಂತಿಷ್ಟು ಹಣವನ್ನು ಬೊಕ್ಕಸಕ್ಕೆ ಸಲ್ಲಿಸುವುದಾಗಿ ಅಮಲ್ದಾರನು ಕರಾರು ಬರೆದುಕೊಡುತ್ತಿದ್ದನು. ಹೆಚ್ಚು ಹಣವನ್ನು ಒಪ್ಪಿಕೊಂಡವನಿಗೆ ತಾಲ್ಲೂಕು. ಒಪ್ಪಿಕೊಂಡ ಹಣವನ್ನೂ ಅದರ ಮೇಲೆ ತನ್ನ ಲಾಭವನ್ನೂ ರೈತನಿಂದ ಹಿಂಡಿ ತೆಗೆಯುವುದು ಅವನಿಗೆ ಸೇರಿದ ವಿಚಾರ. ಮಳೆ ಬಂದಿತೇ ಬಾರದೇ ಎಂದು ಕೇಳುವವರಿಲ್ಲ. ನಗರ, ಎಂದರೆ ಬಿದನೂರು, ಸೀಮೆಯ ರೈತರು ಇದನ್ನು ಎಷ್ಟೋ ಕಾಲ ಸಹಿಸಿಕೊಂಡು, ಅರ್ಜಿಗಳನ್ನು ಬರೆದು, ಕೊನೆಗೆ ಕೂಟಗಳನ್ನು ಕಟ್ಟಿಕೊಂಡರು. ಕೂಟವೆಂದರೆ ಹಳ್ಳಿಹಳ್ಳಿಯ ಪಟೇಲರೂ ರೈತರೂ ಒಂದೆಡೆ ನೆರೆದು, ಅನ್ಯಾಯ ನಿವಾರಣೆಯಾಗುವವರೆಗೆ ಕಂದಾಯ ಕೊಡುವುದಿಲ್ಲವೆಂದು ನಿಶ್ಚಯಿಸುವುದು. 1830ರ ಆಗಸ್ಟ್ ತಿಂಗಳಿನಲ್ಲಿ ಬಸವಾಪಟ್ಟಣದಲ್ಲಿ ಅಂಥದೊಂದು ದೊಡ್ಡ ಕೂಟ ಸೇರಿತು. ಬಿದನೂರಿನ ಗದ್ದುಗೆಗೆ ತಾನೇ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನೆಂಬುವನು ಅದರ ಮುಂದಾಳಾಗಿ ಮೆರೆದನು. ಅದೇ ಸಮಯದಲ್ಲಿ ತರೀಕೆರೆಯ ಮನೆತನದ ಹಿರಿಯನಾಗಿ ಮೈಸೂರಿನಲ್ಲಿದ್ದ ರಂಗಪ್ಪನಾಯಕನು ಅಲ್ಲಿಂದ ತಪ್ಪಿಸಿಕೊಂಡು ಬಂದು, ಬೆಟ್ಟದ ಕೋಟೆಗಳಾದ ಕಲ್ದುರ್ಗ, ಕಾಮನದುರ್ಗಗಳನ್ನು ವಶಮಾಡಿಕೊಂಡನು.

ರೈತನ ಕೋಪವೂ ಪಾಳೆಯಗಾರನ ಹಂಬಲವೂ ಒಂದೇ ಅಲ್ಲ. ರೈತನು ಕೇಳಿದುದು ಕಡಮೆ ಕಂದಾಯವನ್ನು, ಪಾಳೆಯಗಾರನು ಕೇಳಿದುದು ಹೋದ ಗದ್ದುಗೆಯನ್ನು. ಎರಡೂ ಕೂಡಿಕೊಂಡುದರಿಂದ ದಂಗೆಗೆ ಬಲ ಬಂದಿತೆಂಬುದು ಎಷ್ಟು ಸತ್ಯವೋ, ಅದರ ನ್ಯಾಯವಾದ ಅಂಶವು ಹೊಗೆಯಲ್ಲಿ ಮುಚ್ಚಿಹೋಯಿತೆಂಬುದೂ ಅಷ್ಟೇ ಸತ್ಯ. ಅರಮನೆಯ ಸೈನ್ಯಕ್ಕೆ ಕಂಪನಿಯ ಸೈನ್ಯ ಬೆಂಬಲವಾಗಿ ಬಂದು, ಕೋಟೆಗಳು ಒಂದೊಂದಾಗಿ ಬಿದ್ದವು. ಆದರೂ ತರೀಕೆರೆಯವರು ತಕ್ಷಣ ಮಣಿಯಲಿಲ್ಲ. ಸರ್ಜಾ ಹನುಮಪ್ಪನಾಯಕನು ಕಾಡುಮೇಡುಗಳನ್ನು ಆಶ್ರಯಿಸಿಕೊಂಡಿದ್ದು, ಕೊನೆಗೆ ಸೆರೆಸಿಕ್ಕಿ 1834ರಲ್ಲಿ ಗಲ್ಲಿಗೇರಿಸಲ್ಪಟ್ಟನು. ಅದಕ್ಕೆ ಮೊದಲೇ, 1831ರ ಅಕ್ಟೋಬರಿನಲ್ಲಿ, ಗವರ್ನರ್ ಜನರಲ್ ಬೆಂಟಿಂಕನು ಈ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ ಮಹಾರಾಜರಿಂದ ಆಡಳಿತವನ್ನು ತೆಗೆದುಕೊಂಡಾಗಿತ್ತು. ಮುಂದೆ ಐವತ್ತು ವರ್ಷ ಮೈಸೂರನ್ನು ಆಳಿದವರು ಕಮಿಷನರುಗಳು. ಹೀಗೆ ತರೀಕೆರೆಯ ನಾಯಕರು ತಮ್ಮ ಪಾಳೆಯಪಟ್ಟನ್ನು ಮರಳಿ ಕಟ್ಟಹೊರಟು, ತಮಗರಿವಿಲ್ಲದೆ ತಮ್ಮ ಸೀಮೆಯನ್ನು ಒಂದು ಇಂಗ್ಲಿಷ್ ಮಾದರಿಯ ಜಿಲ್ಲೆಯಾಗಿ ಮಾಡಿಸುವುದಕ್ಕೆ ದಾರಿ ತೆರೆದರು.

1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು ದೇಶದ ಹಳೆಯ ಏರ್ಪಾಡುಗಳನ್ನು ಆದಷ್ಟು ಮುಟ್ಟದೆ, ನಾಲ್ಕು ವಿಭಾಗಗಳಿಗೆ ನಾಲ್ವರು ಸೂಪರಿಂಟೆಂಡೆಂಟರನ್ನಿಟ್ಟು ಕಾಲ ತಳ್ಳಿದನು. ಅವನ ಅನಂತರ ಬಂದ ಬೌರಿಂಗನು ಬೇರೆಯ ಸ್ವಭಾವದವನು. ಪಂಜಾಬಿನ ಆಡಳಿತದಲ್ಲಿ ಪಳಗಿ ಬಂದವನು. ಎಲ್ಲಕ್ಕೂ ನಿಯಮ, ಇಲಾಖೆ, ವರದಿ ಇರಬೇಕೆನ್ನುವವನು. ನಾಲ್ಕು ವಿಭಾಗಗಳನ್ನು ಮೂರು ಮಾಡಿ, ಅವುಗಳೊಳಗೆ ಎಂಟು ಜಿಲ್ಲೆಗಳನ್ನು ಅವನು ರಚಿಸಿದನು: ನಂದಿದುರ್ಗ ವಿಭಾಗದಲ್ಲಿ ಬೆಂಗಳೂರು, ಕೋಲಾರ, ತುಮಕೂರು, ಅಷ್ಟಗ್ರಾಮ ವಿಭಾಗದಲ್ಲಿ ಮೈಸೂರು, ಹಾಸನ, ನಗರ ವಿಭಾಗದಲ್ಲಿ ಶಿವಮೊಗ್ಗ, ಚಿತ್ರದುರ್ಗ ಮತ್ತು ನಮ್ಮ ಕಡೂರು. ಭೂಮಿಯನ್ನು ಸರಪಣಿ ಹಿಡಿದು ಅಳೆದು ಬಂದೋಬಸ್ತು ಮಾಡುವ ಇಲಾಖೆಯೂ ಅದೇ 1863ರಲ್ಲಿ ಆರಂಭವಾದುದು ಆಕಸ್ಮಿಕವಲ್ಲ. ಶರತ್ತಿನ ಅಮಲ್ದಾರನ ಕಾಲ ಮುಗಿದು, ಅಳತೆಯ ಅಮಲ್ದಾರನ ಕಾಲ ಬಂದಿತ್ತು.

ಕಡೂರನ್ನೇ ಏಕೆ ಆರಿಸಿದರು? ಬೆಂಗಳೂರಿನಿಂದ ತುಮಕೂರು, ಅರಸೀಕೆರೆಗಳ ಮೇಲೆ ಹಾಯ್ದು ಶಿವಮೊಗ್ಗೆಗೂ ಮುಂದೆ ಘಟ್ಟದ ಕೆಳಗಿನ ಹೊನ್ನಾವರಕ್ಕೂ ಹೋಗುವ ಹೆದ್ದಾರಿ ಕಡೂರಿನ ಮೂಲಕವೇ ಹಾದುಹೋಗುತ್ತದೆ. ಟಪ್ಪಾಲು, ಖಜಾನೆಯ ಹಣ, ಸಾಹೇಬರ ಡೇರೆ ಎಲ್ಲವೂ ಬರುವುದು ಆ ದಾರಿಯಲ್ಲಿಯೇ. ರಾಜಧಾನಿಯಲ್ಲಿ ಕುಳಿತು ನಕ್ಷೆಯನ್ನು ನೋಡುವವನಿಗೆ ಕಡೂರು ಬಾಗಿಲಿನಂತೆ ಕಂಡಿರಬೇಕು. ಆದರೆ ಬಾಗಿಲಿನಲ್ಲಿ ಯಾರೂ ಮನೆಮಾಡುವುದಿಲ್ಲ. 1865ರಲ್ಲಿ, ಎರಡೇ ವರ್ಷಗಳಲ್ಲಿ, ಜಿಲ್ಲೆಯ ಮುಖ್ಯಸ್ಥಾನವನ್ನು ಗಿರಿಯ ತೆಂಕಣ ಬುಡದ ಚಿಕ್ಕಮಗಳೂರಿಗೆ ವರ್ಗಾಯಿಸಲಾಯಿತು. ಮಲೆನಾಡಿಗೂ ಬಯಲಿಗೂ ಸಂಧಿಸ್ಥಾನವಾದ ಚಿಕ್ಕಮಗಳೂರಿನಲ್ಲಿದ್ದರೆ ಎರಡು ಕಡೆಗೂ ಕೈ ನಿಲುಕುತ್ತದೆಂಬುದು ಒಂದು ಅನುಕೂಲ. ಅದಕ್ಕಿಂತಲೂ ಬಲವಾದ ಸೆಳೆತ ಕಾಫಿಯದು. ಬಾಬಾಬುಡನ್ ಎಂಬ ಸಂತನು ಮೆಕ್ಕಾಯಾತ್ರೆಯಿಂದ ಮರಳುವಾಗ ತಂದನೆಂದು ಹೇಳುವ ಬೀಜಗಳ ಸಂತತಿಯು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕ್ಯಾನನ್ನನಂಥ ಯೂರೋಪಿಯನ್ ತೋಟಗಾರರ ಕೈಗೆ ಬಂದು, ಗಿರಿಯ ಇಳಿಜಾರುಗಳನ್ನೆಲ್ಲ ಆಕ್ರಮಿಸಿಕೊಂಡಿತ್ತು. ತೋಟದ ಧಣಿಗಳಿಗೆ ಬೇಕಾದುದು ಹತ್ತಿರದಲ್ಲಿ ಕೋರ್ಟು, ಖಜಾನೆ, ಕೂಲಿಯಾಳುಗಳ ಕರಾರನ್ನು ಜಾರಿಮಾಡುವ ಮ್ಯಾಜಿಸ್ಟ್ರೇಟ್. ಸರ್ಕಾರಕ್ಕೆ ಬೇಕಾದುದು ಕಾಫಿಯ ಹುಟ್ಟುವಳಿಯಿಂದ ಬರುವ ಹಣ. ರಾಗಿಯ ಕಡೂರು ಈ ಸ್ಪರ್ಧೆಯಲ್ಲಿ ಗೆಲ್ಲುವಂತಿರಲಿಲ್ಲ.

ಕಚೇರಿ ಹೋಯಿತು, ಹೆಸರು ಉಳಿಯಿತು. ದಫ್ತರಗಳ ಶಿರೋನಾಮೆಗಳಲ್ಲಿ, ಮೊಹರಿನಲ್ಲಿ, ಭೂಪಟದಲ್ಲಿ ಒಮ್ಮೆ ಬರೆದ ಹೆಸರನ್ನು ತಿದ್ದುವ ತೊಂದರೆಯನ್ನು ಯಾವ ಸರ್ಕಾರವೂ ಸುಲಭವಾಗಿ ವಹಿಸಿಕೊಳ್ಳುವುದಿಲ್ಲ. ಇದರಿಂದ ಜನರಿಗಾದ ತೊಂದರೆ ಮಾತ್ರ ವಾಸ್ತವವಾದುದು. ಯಗಟಿಯ ಅಥವಾ ಪಂಚನಹಳ್ಳಿಯ ರೈತನೊಬ್ಬನು ಅಪೀಲು ಹಾಕಬೇಕೆಂದರೆ, ಕಡೂರು ಜಿಲ್ಲೆಯವನಾಗಿದ್ದೂ ಕಡೂರನ್ನು ದಾಟಿ, ಸಖರಾಯಪಟ್ಟಣದ ದಾರಿಯಾಗಿ ಇನ್ನೂ ನಲವತ್ತು ಕಿಲೋಮೀಟರಿನಷ್ಟು ದೂರ ಗಾಡಿಯಲ್ಲಿ ಹೋಗಬೇಕು. ಶಿವನಿಯವನಿಗೂ ಅಜ್ಜಂಪುರದವನಿಗೂ ಅದಕ್ಕಿಂತ ಹೆಚ್ಚು ದೂರ. ಅವರು ನಿತ್ಯದಲ್ಲಿ ಕಂಡ ಸರ್ಕಾರವೆಂದರೆ ಹಳ್ಳಿಯ ಪಟೇಲ, ಶಾನುಭೋಗ, ಹೋಬಳಿಯ ಶೇಕ್‌ದಾರ, ತಾಲ್ಲೂಕಿನ ಅಮಲ್ದಾರ, ಇಷ್ಟೆ. ಕಡೂರು, ತರೀಕೆರೆ, ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಎಂಬ ತಾಲ್ಲೂಕುಗಳೂ ಮಠದ ಜಹಗೀರಾದ ಶೃಂಗೇರಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಿಲ್ಲೆಯ ಅಂಗಗಳಾಗಿದ್ದುವು. ಅಜ್ಜಂಪುರವು ತರೀಕೆರೆಗೆ ಸೇರಿತ್ತು.

1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ಮೈಸೂರು ದೇಶದ ಬಯಲು ಭಾಗವನ್ನೆಲ್ಲ ಸುಟ್ಟಾಗ, ಒಂದೇ ಜಿಲ್ಲೆಯ ಎರಡು ಭಾಗಗಳು ಎಷ್ಟು ಬೇರೆ ಬೇರೆ ಎಂಬುದು ಸ್ಪಷ್ಟವಾಯಿತು. ಮಲೆನಾಡಿನಲ್ಲಿ ಧಾರಣೆ ಏರಿತು. ಬಯಲಿನಲ್ಲಿ ದನ ಸತ್ತಿತು, ಜನ ವಲಸೆ ಹೋಯಿತು. ಆ ಕಾಲದಲ್ಲಿ ಈ ಕಡೆಗೆ ಉಸಿರಾಗಿದ್ದುದು ಕೆರೆಗಳು. ವೇದಾ, ಅವತಿ ಎಂಬೆರಡು ಹೊಳೆಗಳು ಗಿರಿಯಿಂದ ಇಳಿದು ಕಡೂರಿನ ಬಳಿ ಕೂಡಿ ವೇದಾವತಿಯಾಗುವ ಮೊದಲೇ, ಹಿಂದಿನವರು ಅವುಗಳ ದಾರಿಯಲ್ಲಿ ಎರಡು ಹಿರಿಯ ಕೆರೆಗಳನ್ನು ಕಟ್ಟಿಟ್ಟಿದ್ದಾರೆ: ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಅದಕ್ಕೆ ಉತ್ತರದಲ್ಲಿ ಮದಗದಕೆರೆ. ಮದಗದ ಕೆರೆಗೆ ಮಳೆ ಬಂದ ಜನಪದದ ಹಾಡನ್ನು ಕೇಳದ ಕನ್ನಡಿಗನಿಲ್ಲ. ಆ ಕೆರೆ ತಮ್ಮದೇ ಎಂದು ಕಡೂರು ಸೀಮೆಯವರು ಸಾಧಿಸುತ್ತಾರೆ, ಬೇರೆ ಸೀಮೆಯ ಮದಗದವರು ಒಪ್ಪದಿದ್ದರೆ ಅದು ಅವರವರ ಜಗಳ. ಬೌರಿಂಗನ ಜಿಲ್ಲೆಗೆ ಮೊದಲೂ ಈ ಕೆರೆಗಳಿದ್ದುವು, ಅದು ಹೋದ ಮೇಲೂ ಇವೆ. ಕಡೂರಿನ ತೆಂಗಿನ ತೋಟಗಳಿಗೆ ನೀರುಣಿಸಿದ್ದು ಯಾವ ಮುಖ್ಯಸ್ಥಾನವೂ ಅಲ್ಲ.

1881ರಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿತು. ಬೊಕ್ಕಸದ ಸ್ಥಿತಿ ಕ್ಷಾಮದ ದೆಸೆಯಿಂದ ಹೀನವಾಗಿದ್ದುದರಿಂದ, ದಿವಾನ್ ರಂಗಾಚಾರ್ಲು ಅವರು ಮಿತವ್ಯಯಕ್ಕಾಗಿ ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನು ತೆಗೆದುಹಾಕಿ ಎಂಟನ್ನು ಆರಕ್ಕಿಳಿಸಿದರು; 1886ರಲ್ಲಿ ಅವು ಮತ್ತೆ ಜಿಲ್ಲೆಗಳಾದುವು. ಹೊಯ್ಸಳರ ಹಾಸನವೂ, ಮದಕರಿನಾಯಕನ ದುರ್ಗವೂ ತಮ್ಮ ಸ್ಥಾನವನ್ನು ಕಳೆದುಕೊಂಡ ಆ ನಾಲ್ಕು ವರ್ಷಗಳಲ್ಲಿ, ಹೆಸರಿಗೂ ವಾಸಕ್ಕೂ ಸಂಬಂಧವಿಲ್ಲದ ಕಡೂರು ಜಿಲ್ಲೆ ಮಾತ್ರ ಅಲುಗಾಡದೆ ನಿಂತಿತೆಂಬುದನ್ನು ಕಾಫಿಯ ಮಹಿಮೆಯೆಂದೇ ನಾನು ಎಣಿಸುತ್ತೇನೆ.

ಕಚೇರಿಯನ್ನು ಕಳೆದುಕೊಂಡ ಬಯಲಿಗೆ ಒಂದು ಪರಿಹಾರ ಸಿಕ್ಕಿತು, ಅದು ರೈಲು. ಬೆಂಗಳೂರಿನಿಂದ ಹರಿಹರಕ್ಕೆ 1889ರಲ್ಲಿ ಪೂರ್ತಿಯಾದ ದಾರಿಯು ಗಿರಿಯನ್ನು ಹತ್ತುವ ಗೋಜಿಗೆ ಹೋಗದೆ ಕಡೂರು, ಬೀರೂರು, ಅಜ್ಜಂಪುರ, ಶಿವನಿಗಳ ಸಮತಲದ ಮೇಲೆಯೇ ಸಾಗಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಕವಲು ಹೊರಟಿತು. ಬೀರೂರು ಜಂಕ್ಷನ್ ಆಗಿ ಬೆಳೆಯಿತು. ಚಿಕ್ಕಮಗಳೂರಿನ ಡೆಪ್ಯುಟಿ ಕಮಿಷನರನೂ, ಕಾಫಿಯ ಧಣಿಯೂ, ಕಾಫಿಯ ಮೂಟೆಯೂ ಹೊರಗಿನ ಲೋಕವನ್ನು ಸೇರಬೇಕಾದರೆ ಕಡೂರಿಗೆ ಇಳಿದುಬರಬೇಕಾಯಿತು. ಬಾಗಿಲೆಂದು ಬಿಟ್ಟುಹೋದ ಊರನ್ನು ಬಾಗಿಲಾಗಿಯಾದರೂ ನೆನೆಯಲೇಬೇಕಾಯಿತು.

ಅಜ್ಜಂಪುರದ ವಿಚಾರಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಜಿಲ್ಲೆ, ತಾಲ್ಲೂಕು, ವಿಭಾಗ ಎಂಬ ಕಾಗದದ ವಿಂಗಡಣೆಗಳೆಲ್ಲಕ್ಕಿಂತ ಹಳೆಯದಾದ ಒಂದು ರಾಜಸಂಸ್ಥೆ ಈ ಊರಿನಲ್ಲಿ ಇಂದಿಗೂ ನಾಲ್ಕು ಕಾಲಿನ ಮೇಲೆ ನಡೆದಾಡುತ್ತಿದೆ. ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಅರಮನೆಯ ಹಾಲು ಬೆಣ್ಣೆಗಳಿಗಾಗಿ ಬೆಣ್ಣೆಚಾವಡಿಯೆಂಬ ಇಲಾಖೆಯನ್ನು ಏರ್ಪಡಿಸಿ, ದನಗಳಿಗೆಂದು ಕಾವಲುಗಳನ್ನು ಮೀಸಲಿರಿಸಿದರು. ಹೈದರಾಲಿಯ ಕಣ್ಣಿಗೆ ಬೆಣ್ಣೆಗಿಂತ ಹೋರಿ ದೊಡ್ಡದಾಗಿ ಕಂಡಿತು. ಪಾಳೆಯಗಾರರಿಂದ ಗೆದ್ದುಕೊಂಡ ಹಿಂಡುಗಳನ್ನೆಲ್ಲ ಸೇರಿಸಿ ಅವನು ಅದನ್ನು ಫಿರಂಗಿ ಎಳೆಯುವ ಸೈನ್ಯವನ್ನಾಗಿ ಪರಿವರ್ತಿಸಿದನು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನಗಳ ಪೋಷಣೆ, ಎಣಿಕೆ, ಪಳಗಿಸುವಿಕೆಗಳಿಗೆ ವಿವರವಾದ ನಿಯಮಗಳನ್ನು ಬರೆಯಿಸಿದನು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಧಾವಿಸಿದುದು ಈ ಎತ್ತುಗಳ ಕಾಲಿನ ಬಲದಿಂದ ಎಂದು ಅನಂತರದ ಇಂಗ್ಲಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಕಂಪನಿಯ ಕೈಸೇರಿದುವು. ನೋಡಿಕೊಳ್ಳುವವರಿಲ್ಲದೆ ಕ್ಷೀಣಿಸಿ, 1813ರಲ್ಲಿ ಹಾರ್ವಿಯೆಂಬ ಕ್ಯಾಪ್ಟನ್ನನ ವಶಕ್ಕೆ ಬಂದ ಮೇಲೆ ಚೇತರಿಸಿಕೊಂಡುವು. 1842ರ ಆಫ್ಘಾನಿಸ್ತಾನದ ದಂಡಯಾತ್ರೆಗೆ ಇಲ್ಲಿಯ 230 ಎತ್ತುಗಳು ಹೋಗಿ, ಒಮ್ಮೊಮ್ಮೆ ಹದಿನಾರು ಗಂಟೆಗಳ ಕಾಲ ನೊಗದ ಕೆಳಗೇ ಇದ್ದು ದುಡಿದುವು. ಕಡೂರಿನ ಬಯಲಿನ ಹುಲ್ಲು ತಿನ್ನುವ ತಳಿಯ ಎತ್ತು ಖೈಬರಿನ ಕಲ್ಲನ್ನು ತುಳಿಯಿತು.

1860ರಲ್ಲಿ ಮದರಾಸು ಸರ್ಕಾರದ ಟ್ರೆವೆಲಿಯನ್ನನಿಗೆ ಇದು ದುಂದುವೆಚ್ಚವೆಂದು ತೋರಿ, ಹಿಂಡುಗಳನ್ನು ಮಾರಿಸಿಬಿಟ್ಟನು. ಆರು ವರ್ಷಗಳೊಳಗಾಗಿ ಸೈನ್ಯಕ್ಕೆ ಎತ್ತು ಸಿಗದೆ, ಮಾರಿದವರೇ 1866ರಲ್ಲಿ ಮತ್ತೆ ಕೊಂಡು ಕೂಡಿಸಬೇಕಾಯಿತು. ಸಂಸ್ಥಾನವು ಒಡೆಯರಿಗೆ ಮರಳಿದ ಮೇಲೆ ಹಿಂಡುಗಳೂ ಮೈಸೂರಿಗೆ ಮರಳಿದುವು. ಇಪ್ಪತ್ತನೆಯ ಶತಮಾನದಲ್ಲಿ ಇವುಗಳ ತಳಿ ಸಂವರ್ಧನೆಗೆ ಅಜ್ಜಂಪುರವೇ ಕೇಂದ್ರವಾಯಿತು. ದನವನ್ನು ಹತ್ತಿರದಿಂದ ನೋಡಿದವನು ಮರೆಯಲಾರನು: ಬೂದುಬಣ್ಣದ ಬಿಗಿಯಾದ ಮೈ, ಹಣೆಯ ನಡುವೆ ಗೆರೆ ಎಳೆದಂಥ ತಗ್ಗು, ಒತ್ತೊತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮುಂದಕ್ಕೆ ತಿರುಗಿದ, ತುದಿ ಕಪ್ಪಾದ ನೀಳ ಕೋಡುಗಳು. ಅಪರಿಚಿತನನ್ನು ಕಂಡರೆ ಹಿಂಡೆಲ್ಲ ಒಮ್ಮೆಗೆ ತಲೆಯೆತ್ತಿ ನಿಲ್ಲುತ್ತದೆ; ಗೊಲ್ಲನ ಕೂಗಿಗೆ ಮಾತ್ರ ಸಡಿಲವಾಗುತ್ತದೆ. ಹಾಲು ಮಾತ್ರ ಕರುವಿಗೆ ಸಾಲುವಷ್ಟೆ. ಬೆಣ್ಣೆಗೆಂದು ಆರಂಭವಾದ ಸಂಸ್ಥೆ ಬೆಣ್ಣೆಯಿಲ್ಲದ ಹಸುವನ್ನು ಜಗತ್ಪ್ರಸಿದ್ಧಗೊಳಿಸಿತು. ಅಜ್ಜಂಪುರಕ್ಕೆ ಸಮೀಪದ ಅಂತರಘಟ್ಟೆಯಲ್ಲಿ ದುರ್ಗಾಂಬೆಯ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಎತ್ತಿನ ಗಾಡಿಗಳು ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿಕೊಂಡು ಸಾವಿರಗಟ್ಟಲೆಯಾಗಿ ನುಗ್ಗುವುದನ್ನು ನೋಡಿದರೆ, ಈ ಸೀಮೆಯಲ್ಲಿ ಎತ್ತಿಗಿರುವ ಮನ್ನಣೆ ಯಾವ ಡೆಪ್ಯುಟಿ ಕಮಿಷನರನಿಗೂ ದೊರೆತಿರಲಾರದೆಂದು ತೋರುತ್ತದೆ. ಕಾವಲುಗಳು ಈಗ ಬಹಳ ಕಿರಿದಾಗಿವೆ. ಉಳುವವರಿಗೆ, ಕಟ್ಟಡಗಳಿಗೆ, ಒತ್ತುವರಿಗೆ ಹೋದುದು ಹೋಗಿ, ಉಳಿದುವುಗಳಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದ್ದಾರೆ.

ತರೀಕೆರೆಯ ಮಟ್ಟಿಗೆ, ದೊಡ್ಡ ಊರೆಂಬ ಹಿರಿಮೆ ನಿಧಾನವಾಗಿ ಕರಗಿತು. ಕನ್ನಡದ ಮಕ್ಕಳು ನಾಲಿಗೆ ತಿರುಗಿಸಿಕೊಳ್ಳುವುದಕ್ಕೆಂದು ತರೀಕೆರೆಯ ಏರಿಯ ಮೇಲೆ ಕರಿಯ ಕುರಿಮರಿಗಳನ್ನು ಮೇಯಿಸುವುದರಿಂದ ಅದರ ಹೆಸರಂತೂ ನಾಡಿನಲ್ಲೆಲ್ಲ ಉಳಿದಿದೆ. 1915ರ ಸುಮಾರಿಗೆ ಅಲ್ಲಿಂದ ನರಸಿಂಹರಾಜಪುರಕ್ಕೆ, ಎರಡೇ ಅಡಿ ಅಗಲದ ಹಳಿಯ ಮೇಲೆ ಒಂದು ಪುಟ್ಟ ರೈಲು ಓಡತೊಡಗಿ, ಕಾಡಿನ ಮರಮುಟ್ಟುಗಳನ್ನು ಬಯಲಿಗೆ ಹೊತ್ತುತಂದಿತು; ಅದು ಬಹುಕಾಲ ಬಾಳಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿದಾಗ, ಅದಕ್ಕೆ ಬೇಕಾದ ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ತೂಗುಹಗ್ಗದ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮಿನಲ್ಲಿ ಸಾಗಿತು. ಬೆಟ್ಟ ಕಡೂರು ಜಿಲ್ಲೆಯದು, ಕಾರ್ಖಾನೆ ಶಿವಮೊಗ್ಗ ಜಿಲ್ಲೆಯದು. ಲಕ್ಕವಳ್ಳಿಯಲ್ಲಿ ಕಟ್ಟಿ 1965ರಲ್ಲಿ ಪೂರ್ತಿಯಾದ ಭದ್ರಾ ಅಣೆಕಟ್ಟೂ ಹಾಗೆಯೇ: ಮುಳುಗಿದ ನೆಲ ಇಲ್ಲಿಯದು, ಹಸುರಾದ ನೆಲದ ಬಹುಭಾಗ ದಾವಣಗೆರೆಯ ಕಡೆಯದು. ಗಡಿಯ ತಾಲ್ಲೂಕಿನ ಹಣೆಬರಹವೇ ಇಷ್ಟು.

ಇನ್ನು ಹೆಸರು ಬದಲಾದ ವಿಚಾರ. ಕಡೂರು ಜಿಲ್ಲೆಯು 1947ರಲ್ಲಿ ಚಿಕ್ಕಮಗಳೂರು ಜಿಲ್ಲೆಯಾಯಿತು. ಮುಖ್ಯಸ್ಥಾನವು ಎಂಬತ್ತೆರಡು ವರ್ಷಗಳಿಂದಲೂ ಎಲ್ಲಿದ್ದಿತೋ ಅಲ್ಲಿಯ ಹೆಸರನ್ನೇ ಜಿಲ್ಲೆಗೂ ಕೊಟ್ಟರು. ಅದಕ್ಕಾಗಿ ಯಾರೂ ದಂಗೆಯೇಳಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ ಹಳೆಯ ಜಿಲ್ಲೆಗಳನ್ನೇ ಅಳಿಸುವ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದರು: 1960–70ರ ದಶಕಗಳಲ್ಲಿ ಅಲ್ಲಿಯ 425 ಗ್ರಾಮಾಂತರ ಜಿಲ್ಲೆಗಳು 237ಕ್ಕೆ ಇಳಿದುವು. ಅಳಿದ ಜಿಲ್ಲೆಯ ಅಭಿಮಾನ ಅಲ್ಲಿಯ ಜನರಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಮೋಟಾರು ಗಾಡಿಗಳ ಸಂಖ್ಯಾಫಲಕದ ಮೇಲೆ ಹಳೆಯ ಜಿಲ್ಲೆಗಳ ಅಕ್ಷರಗಳನ್ನು ಮತ್ತೆ ಹಾಕಿಕೊಳ್ಳುವುದಕ್ಕೆ 2012ರಿಂದ ಅನುಮತಿ ಕೊಡಬೇಕಾಯಿತು. ನಮ್ಮಲ್ಲಿ ಅಂಥ ಅಭಿಮಾನ ಹುಟ್ಟಲಿಲ್ಲ. ಕಡೂರಿನವನು ಕಡೂರಿನವನೇ, ತರೀಕೆರೆಯವನು ತರೀಕೆರೆಯವನೇ. ಅವರ ಮನಸ್ಸಿನಲ್ಲಿ ಜಿಲ್ಲೆಯೆಂಬುದು ಊರಾಗಿ ಎಂದೂ ಬೇರೂರಿರಲಿಲ್ಲ. 1947ರ ಬದಲಾವಣೆ ಅನ್ಯಾಯವಲ್ಲ. ಸತ್ಯವನ್ನು ತಡವಾಗಿ ಒಪ್ಪಿಕೊಂಡ ಕಾರ್ಯ. ಅನ್ಯಾಯವಾದುದು, ಹೆಸರನ್ನು ಬಯಲಿಗೆ ಬಿಟ್ಟು, ಆಸ್ಪತ್ರೆ, ಕಾಲೇಜು, ಕೋರ್ಟುಗಳ ವಿಷಯದಲ್ಲಿ ಬಯಲಿನ ತಾಲ್ಲೂಕುಗಳನ್ನು ಮೂಲೆಗೆ ತಳ್ಳಿದ ಹಿಂದಿನ ಎಂಟು ದಶಕಗಳಲ್ಲಿ.

ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಹೋದುದು 2013ರಲ್ಲಿ, ಅಂದರೆ ಕಡೂರು ರೈಲನ್ನು ಕಂಡ ನೂರಿಪ್ಪತ್ತನಾಲ್ಕು ವರ್ಷಗಳ ಮೇಲೆ. ಅಜ್ಜಂಪುರವನ್ನು ತರೀಕೆರೆಯಿಂದ ಬೇರ್ಪಡಿಸಿ ತಾಲ್ಲೂಕು ಮಾಡುವುದಾಗಿ ಸರ್ಕಾರ ಸಾರಿದುದು 2017ರಲ್ಲಿ. ಹಳೆಯ ಜಿಲ್ಲೆಯ ಹೆಸರು ಈಗ ಉಳಿದಿರುವುದು ಗ್ರಂಥಭಂಡಾರಗಳಲ್ಲಿ: ಲೂಯಿಸ್ ರೈಸ್ 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳ ಸಂಪುಟವೇ; 1930ರಲ್ಲಿ ಹಯವದನರಾಯರು ಹೊರತಂದ ಮೈಸೂರು ಗೆಜೆಟಿಯರಿನಲ್ಲಿಯೂ ಇರುವುದು ಆ ಹೆಸರೇ. ಆದುದರಿಂದ ಮನೆತನದ ಹಳೆಯ ಕಾಗದಗಳನ್ನೋ, ದೇವಸ್ಥಾನದ ಇನಾಮಿನ ದಾಖಲೆಯನ್ನೋ, ಶೃಂಗೇರಿ, ಕೊಪ್ಪಗಳ ಹಿಂದಿನ ವೃತ್ತಾಂತವನ್ನೋ ಹುಡುಕುವ ಓದುಗರು ಒಂದು ಮಾತನ್ನು ಗಮನದಲ್ಲಿಡಬೇಕು: 1947ಕ್ಕೆ ಹಿಂದಿನದಾದರೆ ಚಿಕ್ಕಮಗಳೂರು ಜಿಲ್ಲೆಯೆಂದು ಹುಡುಕಿ ಪ್ರಯೋಜನವಿಲ್ಲ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಜನ್ಮಸ್ಥಳವೂ ಅಂದಿನ ಸರ್ಕಾರದ ಲೆಕ್ಕದಲ್ಲಿ ಕಡೂರು ಜಿಲ್ಲೆಗೆ ಸೇರಿದ್ದಿತು.